ಎತ್ತರದ ಡಬ್ಬಿ

ಅಭ್ಯಾಸ ಬೋಧನೆಯ ಅವಧಿಯಲ್ಲಿ ನಾನು ಮಾಡಿದ ಪಾಠಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಹನ್ನೊಂದನೆಯದು. ಅತಿ ಹೆಚ್ಚು ತೊಂದರೆ ತಂದದ್ದೂ ಅದೇ. ಶುಕ್ರವಾರ ಮೂರನೇ ಅವಧಿಯಲ್ಲಿ ಎಂಟನೇ ತರಗತಿಗೆ ಆ ಪಾಠ ಮಾಡಿದೆ. ವೀಕ್ಷಣೆಗೆ ಬಂದಿದ್ದ ನಮ್ಮ ಮೇಡಂ, "ವಿದ್ಯಾರ್ಥಿಗಳ ತೊಡಗಿಸಿಕೊಳ್ಳುವಿಕೆ ಉತ್ತಮ. ಬೋಧನೋಪಕರಣದಲ್ಲಿ ಹೊಸತನವಿದೆ. ಸಮಯಪಾಲನೆಗೆ ಗಮನ ಕೊಡಿ" ಎಂದು ಬರೆದು ಸಹಿ ಹಾಕಿದರು. ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಯೇ ಅದೇ ತರಗತಿಯ ಹುಡುಗನೊಬ್ಬ ಶಿಕ್ಷಕರ ಕೊಠಡಿಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಟವೆಲ್ ಸುತ್ತಿದ ಒಂದು ಪ್ಲಾಸ್ಟಿಕ್ ಡಬ್ಬಿ.

"ಟೀಚರ್, ನಿಮಗೆ ತೋರಿಸ್ಲಿಕ್ಕೆ ತಂದದ್ದು" ಎಂದ.

ಅವನ ಡಬ್ಬಿಯ ವಿಷಯಕ್ಕೆ ಬರುವ ಮೊದಲು ನನ್ನ ಡಬ್ಬಿಯ ವಿಷಯ ಹೇಳಬೇಕು.

ನಾನು ಬಿಜೈಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಓದುತ್ತಿರುವವಳು. ಬಿಎಸ್ಸಿ ಕೊನೆಯ ವರ್ಷದಲ್ಲಿದ್ದಾಗ ಬೆಂಗಳೂರಿನಲ್ಲಿದ್ದ ದೊಡ್ಡಮ್ಮನ ಮಗ ಮಸ್ಕತ್‌ಗೆ ಕೆಲಸಕ್ಕೆ ಹೊರಟ. ಹೋಗುವ ಮೊದಲು ತಾನು ಸಾಕಿದ್ದ ಒಂದು ಟರಾಂಟುಲಾ ಜೇಡವನ್ನು ನನಗೆ ಒಪ್ಪಿಸಿದ. ಅದು ದಕ್ಷಿಣ ಅಮೆರಿಕದ ಉತ್ತರ ಭಾಗದ ಕಾಡುಗಳಲ್ಲಿ ಮರದ ಮೇಲೆ ಬದುಕುವ ಜಾತಿ. ವೈಜ್ಞಾನಿಕ ಹೆಸರು ಅವಿಕ್ಯುಲೇರಿಯಾ ಅವಿಕ್ಯುಲೇರಿಯಾ, ಸಾಕುವವರ ಬಾಯಲ್ಲಿ ಪಿಂಕ್‌ಟೋ. ಮೈಯೆಲ್ಲ ಕಪ್ಪು ರೋಮ, ಎಂಟು ಕಾಲುಗಳ ತುದಿಯಲ್ಲಿ ಮಾತ್ರ ಗುಲಾಬಿ ಬಣ್ಣದಲ್ಲಿ ಅದ್ದಿ ತೆಗೆದ ಹಾಗೆ. ನಮ್ಮಣ್ಣನ ಪರಿಚಯದವರ ಮನೆಯಲ್ಲಿ ಮೊಟ್ಟೆಯೊಡೆದು ಬಂದ ಮರಿ ಅದು, ಕಾಡನ್ನು ಕಂಡದ್ದೇ ಅಲ್ಲ. ನನ್ನ ಕೈಗೆ ಬಂದಾಗ ಕಾಲು ಚಾಚಿದರೆ ಒಂದು ನಿಂಬೆಹಣ್ಣಿನಷ್ಟಿತ್ತು.

ಚಿಕ್ಕಮ್ಮ ಎರಡು ಷರತ್ತು ಹಾಕಿದರು. ಆ ಕೋಣೆಯ ಬಾಗಿಲು ಸದಾ ಮುಚ್ಚಿರಬೇಕು. ಆ ಕೋಣೆ ಗುಡಿಸಲು ಅವರನ್ನು ಕರೆಯಬಾರದು. ನಾನು ಒಪ್ಪಿದೆ.

ಅಣ್ಣ ಜೊತೆಗೆ ಎರಡು ಪುಟದ ಒಂದು ಸೂಚನಾಪತ್ರವನ್ನೂ ಕೊಟ್ಟಿದ್ದ. ಚಳಿ ದೇಶದ ಯಾರೋ ಬರೆದದ್ದರ ನಕಲು. ಮಳೆಕಾಡಿನ ಪ್ರಾಣಿಯಾದ್ದರಿಂದ ತೇವ ಕಡಿಮೆಯಾಗಬಾರದು, ಬೆಳಿಗ್ಗೆ ಸಂಜೆ ನೀರು ಸಿಂಪಡಿಸಬೇಕು, ಬೆಚ್ಚಗಿಡಬೇಕು ಎಂದಿತ್ತು. ನಾನು ಅಕ್ಷರಶಃ ಪಾಲಿಸಿದೆ. ಬಿಸ್ಕತ್ತು ಹಾಕಿಡುವ ಅಗಲವಾದ ಡಬ್ಬಿಗೆ ತೆಂಗಿನ ನಾರಿನ ಪುಡಿ ತುಂಬಿ, ಮುಚ್ಚಳಕ್ಕೆ ಐದಾರು ತೂತು ಮಾಡಿ, ದಿನಕ್ಕೆರಡು ಸಲ ನೀರು ಚಿಮುಕಿಸಿದೆ. ಅದು ಜೂನ್ ಕೊನೆಯ ವಾರ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಮಂಗಳೂರಿನಲ್ಲಿ ಜೂನ್ ಕೊನೆ ಎಂದರೆ ಏನೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಬೀರುವಿನೊಳಗಿನ ಚರ್ಮದ ಬೆಲ್ಟಿಗೆ ಹಸಿರು ಬೂಷ್ಟು ಹಿಡಿಯುತ್ತದೆ. ಅಂಥ ಹವೆಯಲ್ಲಿ ನಾನು ನೀರು ಸಿಂಪಡಿಸುತ್ತಿದ್ದೆ.

ಎರಡು ವಾರದೊಳಗೆ ಡಬ್ಬಿಯ ತಳದಲ್ಲಿ ಹತ್ತಿಯಂಥ ಬಿಳಿ ಬೂಷ್ಟು ಎದ್ದಿತು. ತಿಂದುಳಿದ ಹುಳದ ಸುತ್ತ ಸಾಸಿವೆಗಿಂತ ಸಣ್ಣ ನುಸಿಗಳು ಹರಿದಾಡತೊಡಗಿದವು. ಜೇಡ ಆಹಾರ ಬಿಟ್ಟಿತು. ಹಗಲೂ ರಾತ್ರಿ ಮುಚ್ಚಳದ ಒಂದು ಮೂಲೆಗೆ ಅಂಟಿಕೊಂಡು ಕೂತಿರುತ್ತಿತ್ತು. ಅದಕ್ಕೆ ಆ ಮೂಲೆ ಇಷ್ಟ ಎಂದುಕೊಂಡು ನಾನು ಮೂರು ದಿನ ಸುಮ್ಮನಿದ್ದೆ. ನಾಲ್ಕನೇ ದಿನ ಗಮನಿಸಿದರೆ, ನಾನು ಮಾಡಿದ ಐದಾರು ತೂತುಗಳಲ್ಲಿ ಮೂರು ಇದ್ದದ್ದು ಅಲ್ಲೇ. ಅದು ಗಾಳಿ ಹುಡುಕುತ್ತಿತ್ತು.

ಸೂಚನಾಪತ್ರದಲ್ಲಿ ಸುಳ್ಳೇನೂ ಇರಲಿಲ್ಲ. ಹೀಟರ್ ಉರಿಯುವ ಒಣ ಕೋಣೆಯಲ್ಲಿ ಜೇಡ ಸಾಕುವವರಿಗೆ ಆ ಮಾತು ಸರಿ. ಬಿಜೈಯ ಆಷಾಢಕ್ಕೆ ಅದನ್ನು ಹಾಗೆಯೇ ತಂದು ಹಾಕಿದ್ದು ನನ್ನ ತಪ್ಪು. ಇಲ್ಲಿ ತೇವವನ್ನು ಸೃಷ್ಟಿಸುವ ಕೆಲಸವೇ ಇಲ್ಲ. ತೇವ ನಿಂತು ಕೊಳೆಯದಂತೆ ಗಾಳಿಯಾಡಿಸುವುದೇ ಇಲ್ಲಿಯ ಕೆಲಸ.

ಎರಡನೇ ಮನೆಯನ್ನು ಜೇಡವನ್ನು ನೋಡುತ್ತಾ ಕಟ್ಟಿದೆ. ಅದು ಸದಾ ಮೇಲೆ ಹತ್ತುತ್ತಿತ್ತು, ಆದ್ದರಿಂದ ಅಗಲಕ್ಕಿಂತ ಎತ್ತರ ಹೆಚ್ಚಿರುವ ಪೆಟ್ಟಿಗೆ: ತಳ 20 ಸೆಂಟಿಮೀಟರ್ ಚೌಕ, ಎತ್ತರ 35. ನೆಲದಲ್ಲಿ ಬದುಕುವ ಟರಾಂಟುಲಾಗಳಿಗೆ ಇಷ್ಟು ಎತ್ತರ ಅಪಾಯ. ಅವುಗಳ ಭಾರವಾದ ಹೊಟ್ಟೆ ಬಿದ್ದರೆ ಒಡೆಯಬಹುದು. ಮರವಾಸಿಯ ಮೈ ಹಗುರ, ಪಾದದ ಅಡಿಯಲ್ಲಿ ಒತ್ತಾದ ಸೂಕ್ಷ್ಮ ರೋಮಗಳ ಮೆತ್ತೆಯಿದ್ದು ಗಾಜನ್ನೂ ಹಿಡಿದು ಹತ್ತುತ್ತದೆ. ಎದುರುಬದುರಿನ ಎರಡು ಗೋಡೆಗಳಲ್ಲಿ, ಒಂದು ಕಡೆ ಕೆಳಗೆ, ಇನ್ನೊಂದು ಕಡೆ ಮೇಲೆ, ಸಣ್ಣ ತೂತುಗಳ ಸಾಲು ಮಾಡಿದೆ. ಆಗ ಗಾಳಿ ಒಂದು ಬದಿಯಿಂದ ಬಂದು ಇನ್ನೊಂದು ಬದಿಯಿಂದ ಹೋಗುತ್ತದೆ. ಟರಾಂಟುಲಾ ಉಸಿರಾಡುವುದು ಹೊಟ್ಟೆಯ ಅಡಿಭಾಗದಲ್ಲಿರುವ ನಾಲ್ಕು ಪುಸ್ತಕ ಶ್ವಾಸಕೋಶಗಳಿಂದ. ಪುಸ್ತಕದ ಹಾಳೆಗಳ ಹಾಗೆ ಪದರಪದರವಾಗಿರುವ ಆ ಅಂಗದ ಹೆಸರನ್ನು ಬಿಎಸ್ಸಿಯಲ್ಲಿ ಬಾಯಿಪಾಠ ಮಾಡಿ ಬರೆದಿದ್ದೆ. ಬೂಷ್ಟು ಹಿಡಿದ ಡಬ್ಬಿಯ ಎದುರು ಕೂತಾಗಲೇ ಅದೊಂದು ಜೀವಂತ ಅಂಗ ಎಂದು ಅರ್ಥವಾದದ್ದು.

ತಳಕ್ಕೆ ನಾಲ್ಕು ಸೆಂಟಿಮೀಟರ್ ನಾರಿನ ಪುಡಿ. ಮಧ್ಯೆ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದ ಹಲಸಿನ ಮರದ ತೊಗಟೆಯ ತುಂಡನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ, ಹಿಂದೆ ಅಡಗಲು ಎಡೆ ಇರುವಂತೆ. ಮೇಲ್ಭಾಗದಲ್ಲಿ ಎರಡು ಪ್ಲಾಸ್ಟಿಕ್ ಎಲೆ, ಅದು ನೂಲು ಕಟ್ಟಿಕೊಳ್ಳಲಿ ಎಂದು. ಬಾಟಲಿಯ ಮುಚ್ಚಳದಲ್ಲಿ ನೀರು. ಬಾಗಿಲು ಮುಂಭಾಗದಲ್ಲಿ, ಏಕೆಂದರೆ ಈ ಜೇಡ ತನ್ನ ರೇಷ್ಮೆಯ ಕೊಳವೆಯನ್ನು ತುತ್ತತುದಿಯಲ್ಲಿ ಹೆಣೆಯುತ್ತದೆ. ಮೇಲಿನ ಮುಚ್ಚಳ ತೆರೆದರೆ ಪ್ರತಿಸಲವೂ ಅದರ ಮನೆ ಹರಿಯುತ್ತದೆ. ದೀಪ, ಹೀಟರ್ ಏನೂ ಬೇಡ. ನೇರ ಬಿಸಿಲು ಬೀಳದ ಮೂಲೆ ಸಾಕು. ವಾರಕ್ಕೊಮ್ಮೆ ಒಂದು ಜಿರಳೆ ಮರಿ ಅಥವಾ ಚಿಮ್ಮಂಡೆ, ಅದೂ ಸಾಕಿ ಬೆಳೆಸಿದ್ದು. ಅಡುಗೆಮನೆಯ ಜಿರಳೆ ಯಾವ ಔಷಧ ತಿಂದು ಬಂದಿದೆಯೋ ಯಾರಿಗೆ ಗೊತ್ತು. ತಿಂದುಳಿದದ್ದನ್ನು ಮರುದಿನವೇ ತೆಗೆಯಬೇಕು. ಬೆನ್ನಡಿಯಾಗಿ ಬಿದ್ದಿದ್ದರೆ ಸತ್ತಿತೆಂದು ಮುಟ್ಟಬಾರದು, ಪೊರೆ ಕಳಚುತ್ತಿರುತ್ತದೆ. ಕೈಯಲ್ಲಿ ಎತ್ತಿ ಆಡಿಸುವುದಂತೂ ಕೂಡದು. ಅದರಿಂದ ಅದಕ್ಕೆ ಯಾವ ಸುಖವೂ ಇಲ್ಲ.

ಉಳಿದದ್ದು ಊರಿನ ಸಮಸ್ಯೆಗಳು. ಇರುವೆ ಬಾರದಂತೆ ಮೇಜಿನ ನಾಲ್ಕು ಕಾಲುಗಳ ಅಡಿ ನೀರಿನ ಬಟ್ಟಲು ಇಟ್ಟೆ. "ಮಲೇರಿಯಾದವರು ಬಂದು ನೋಡಿದರೆ ದಂಡ ಹಾಕ್ತಾರೆ, ಅದರಲ್ಲಿ ಸೊಳ್ಳೆ ಮರಿ ಆಗ್ತದೆ" ಎಂದು ಚಿಕ್ಕಮ್ಮ ಬಾಗಿಲ ಹೊರಗಿನಿಂದಲೇ ಎಚ್ಚರಿಸಿದರು. ಸರಿಯಾದ ಮಾತು. ಎರಡು ದಿನಕ್ಕೊಮ್ಮೆ ಬಟ್ಟಲು ತೊಳೆದು ನೀರು ಬದಲಿಸುವುದು ರೂಢಿಯಾಯಿತು. ಸೊಳ್ಳೆಬತ್ತಿ, ಲಿಕ್ವಿಡ್ ಎರಡನ್ನೂ ಆ ಕೋಣೆಯಿಂದ ಹೊರಹಾಕಿದೆ. ಸೊಳ್ಳೆಯನ್ನು ಕೊಲ್ಲುವ ಮದ್ದು ಜೇಡಕ್ಕೂ ವಿಷವೇ. ಓಣಿಯಲ್ಲಿ ಫಾಗಿಂಗ್ ಸದ್ದು ಕೇಳಿದರೆ ಓಡಿಹೋಗಿ ಕಿಟಕಿ ಮುಚ್ಚುತ್ತೇನೆ. ಹೊಸ ಮನೆಗೆ ಹೋದ ಒಂಬತ್ತನೇ ದಿನ ಜೇಡ ತೊಗಟೆಯ ತುದಿಯಲ್ಲಿ ಕೊಳವೆ ಹೆಣೆಯಲು ಶುರುಮಾಡಿತು. ಆ ರಾತ್ರಿ ನಾನು ಪರೀಕ್ಷೆಗೆ ಓದುವುದನ್ನು ಬಿಟ್ಟು ಹನ್ನೆರಡು ಗಂಟೆಯವರೆಗೆ ನೋಡುತ್ತಾ ಕೂತಿದ್ದೆ.

ಈ ಅನುಭವವನ್ನೇ ಹನ್ನೊಂದನೇ ಪಾಠ ಮಾಡಿದೆ. ಎಂಟನೇ ತರಗತಿಯ ವಿಜ್ಞಾನದಲ್ಲಿ ಸಸ್ಯ ಮತ್ತು ಪ್ರಾಣಿಗಳ ಸಂರಕ್ಷಣೆಯ ಘಟಕವಿದೆ. ಅದಕ್ಕೆ ಪೂರ್ವಭಾವಿಯಾಗಿ ಆವಾಸದ ಕಲ್ಪನೆಯನ್ನು ಗಟ್ಟಿ ಮಾಡುವುದು ನನ್ನ ಉದ್ದೇಶ. 5ಇ ಮಾದರಿಯಲ್ಲಿ ಯೋಜನೆ ಬರೆದೆ. ಜೀವಂತ ಜೇಡವನ್ನು ತರಗತಿಗೆ ಒಯ್ಯಲಿಲ್ಲ. ಬಸ್ಸಿನ ಕುಲುಕಾಟ, ನಲವತ್ತೆಂಟು ಮಕ್ಕಳ ಗದ್ದಲ ಅದಕ್ಕೆ ಬೇಡ. ಅದು ಕಳಚಿದ ಪೊರೆಯನ್ನು ಪೆಟ್ರಿಡಿಶ್‌ನಲ್ಲಿಟ್ಟು, ರೋಮ ಚರ್ಮಕ್ಕೆ ತಾಗಿದರೆ ತುರಿಸುವುದರಿಂದ ಟೇಪು ಸುತ್ತಿ ಒಯ್ದೆ. ಜೊತೆಗೆ ಬೂಷ್ಟು ಹಿಡಿದಿದ್ದ ಮೊದಲ ಡಬ್ಬಿ.

ತೊಡಗಿಸಿಕೊಳ್ಳುವ ಹಂತಕ್ಕೆ ಒಂದು ಹಳೆಯ ಚಿತ್ರ ತೋರಿಸಿದೆ. ಮರಿಯಾ ಸಿಬಿಲಾ ಮೆರಿಯನ್ ಎಂಬ ಚಿತ್ರಕಾರ್ತಿ ಸುರಿನಾಮ್ ದೇಶಕ್ಕೆ ಹೋಗಿ ಅಲ್ಲಿಯ ಕೀಟಗಳನ್ನು ನೋಡಿ ಬರೆದ ಪುಸ್ತಕ 1705ರಲ್ಲಿ ಪ್ರಕಟವಾಯಿತು. ಅದರ ಒಂದು ಚಿತ್ರದಲ್ಲಿ ಪೇರಳೆ ಕೊಂಬೆಯ ಮೇಲೆ ದೊಡ್ಡ ಜೇಡವೊಂದು ಪುಟ್ಟ ಹಕ್ಕಿಯನ್ನು ಹಿಡಿದಿದೆ. 1758ರಲ್ಲಿ ಲಿನೇಯಸ್ ಈ ಜೇಡಕ್ಕೆ ಇಟ್ಟ ಹೆಸರಿನಲ್ಲೂ ಹಕ್ಕಿ ಇದೆ: ಲ್ಯಾಟಿನ್‌ನಲ್ಲಿ ಅವಿಕುಲಾ ಎಂದರೆ ಪುಟ್ಟ ಹಕ್ಕಿ. ನಿಜವಾಗಿ ಅದು ತಿನ್ನುವುದು ಹೆಚ್ಚಾಗಿ ಕೀಟಗಳನ್ನೇ ಎಂದು ಹೇಳಿದಾಗ ಹಿಂದಿನ ಬೆಂಚಿನಿಂದ ನಿರಾಸೆಯ ಸದ್ದು ಬಂತು.

ಆಮೇಲೆ ಗುಂಪಿಗೊಂದು ಹಾಳೆ ಕೊಟ್ಟೆ. ಅದರಲ್ಲಿ ಜೇಡದ ಬಗ್ಗೆ ಕೆಲವು ಸುಳಿವು: ಮರದ ಮೇಲೆ ವಾಸ, ನೂಲಿನ ಕೊಳವೆಯಲ್ಲಿ ನಿದ್ದೆ, ಪುಸ್ತಕ ಶ್ವಾಸಕೋಶ, ಎಂಟು ಕಣ್ಣಿದ್ದರೂ ದೃಷ್ಟಿ ಮಂದ, ಕಂಪನದಿಂದ ತಿಳಿಯುತ್ತದೆ, ಬಿಸಿಲು ಆಗದು. "ಮಾತು ಬಾರದ ಒಬ್ಬರಿಗೆ ನೀವು ಮನೆ ಕಟ್ಟಿಕೊಡಬೇಕು. ಅವರಿಗೆ ಏನೇನು ಬೇಕು?" ಎಂದು ಕೇಳಿದೆ. ಒಂದು ಗುಂಪು ಫ್ಯಾನ್ ಬಿಡಿಸಿತು. ಇನ್ನೊಂದು ಉಯ್ಯಾಲೆ ಕಟ್ಟಿತು. ಮೊದಲ ಸಾಲಿನ ಹುಡುಗಿಯೊಬ್ಬಳು, "ಬಾಗಿಲು ಮೇಲೆ ಇಟ್ಟರೆ ಅದರ ಮನೆ ಹರಿದು ಹೋಗ್ತದೆ ಅಲ್ವಾ ಟೀಚರ್?" ಎಂದಾಗ ನನಗೆ ಆದ ಸಂತೋಷ ಹೇಳತೀರದು. ನನಗೆ ಎರಡು ವಾರ ಹಿಡಿದದ್ದು ಅವಳಿಗೆ ಹತ್ತು ನಿಮಿಷದಲ್ಲಿ ಹೊಳೆದಿತ್ತು. ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ.

ಈಗ ಸೋಮವಾರದ ಡಬ್ಬಿ. ಹುಡುಗ ಟವೆಲ್ ಬಿಚ್ಚಿದ. ಎರಡು ಕಿಲೋ ಹಿಡಿಯುವ ಎತ್ತರದ ಪಾರದರ್ಶಕ ಡಬ್ಬಿ. ಕಾಯಿಸಿದ ಮೊಳೆಯಿಂದ ಎದುರುಬದುರು ತೂತುಗಳ ಸಾಲು, ಒಂದು ಕಡೆ ಕೆಳಗೆ, ಒಂದು ಕಡೆ ಮೇಲೆ. ಒಳಗೆ ಓರೆಯಾಗಿ ನಿಲ್ಲಿಸಿದ ತೊಗಟೆ. ತಳದಲ್ಲಿ ನಾರಿನ ಪುಡಿ. ಬಾಟಲಿ ಮುಚ್ಚಳದಲ್ಲಿ ನೀರು. ನಾನು ಕಲಿಸಿದ್ದು ಒಂದೂ ಬಿಟ್ಟುಹೋಗಿರಲಿಲ್ಲ. ತೊಗಟೆಯ ಮೇಲೆ ನನ್ನ ಅಂಗೈಗಿಂತ ದೊಡ್ಡದಾದ ಜೇಡ ಚಪ್ಪಟೆಯಾಗಿ ಅಂಟಿ ಕೂತಿತ್ತು. ಬೂದು, ಬಿಳಿ, ಕಂದು ಬಣ್ಣಗಳ ಚಿತ್ತಾರ, ಬೆನ್ನ ಮೇಲೆ ಎಲೆಯಂಥ ಗುರುತು.

"ಅಜ್ಜಿ ಮನೆ ಹಲಸಿನ ಮರದ ಪೊಟರೆಯಲ್ಲಿ ಇತ್ತು ಟೀಚರ್. ಮುಂದಿನ ಕೈ ಎತ್ತಿ ಹಳದಿ ತೋರಿಸ್ತು. ಎಂತ ಚಂದ ಉಂಟು ಗೊತ್ತುಂಟಾ?"

ನನಗೆ ಕೈಕಾಲು ತಣ್ಣಗಾಯಿತು. ಅದು ಪೊಸಿಲೊಥೀರಿಯಾ ಕುಲದ್ದು, ಭಾರತ ಮತ್ತು ಶ್ರೀಲಂಕಾದಲ್ಲಿ ಮಾತ್ರ ಇರುವ ಮರವಾಸಿ ಟರಾಂಟುಲಾಗಳ ಕುಲ. ಮಿಂಚಿನಂತೆ ಓಡುತ್ತದೆ. ಕಾಲಿನ ಅಡಿಯ ಹಳದಿ ತೋರಿಸಿದೆ ಎಂದರೆ ಕಚ್ಚಲು ಸಿದ್ಧವಾಗಿದೆ ಎಂದರ್ಥ. ಅದರ ಕಡಿತದಿಂದ ತೀವ್ರ ನೋವು, ಸ್ನಾಯುಗಳ ಸೆಳೆತ ಉಂಟಾಗುತ್ತದೆ. ಆ ಸೆಳೆತ ದಿನಗಟ್ಟಲೆ ಮರುಕಳಿಸಬಹುದು. ಹದಿಮೂರು ವರ್ಷದ ಹುಡುಗ ಅದನ್ನು ಅಜ್ಜಿಯ ಅಕ್ಕಿ ಜರಡಿ ಮುಚ್ಚಿ ಹಿಡಿದಿದ್ದ. ನನ್ನ ಪಾಠಯೋಜನೆಯ ನಾಲ್ಕು ಪುಟಗಳಲ್ಲಿ ವಿಷ ಎಂಬ ಪದ ಒಂದು ಸಲವೂ ಇರಲಿಲ್ಲ. ಮಕ್ಕಳಿಗೆ ಜೇಡದ ಹೆದರಿಕೆ ಹೋಗಲಿ ಎಂದು ಬೇಕೆಂದೇ ಬಿಟ್ಟಿದ್ದೆ. ನನ್ನ ಜೇಡ ಎಲ್ಲಿಂದ ಬಂತು ಎಂದೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಆ ಹುಡುಗ ಅದುವರೆಗೆ ತರಗತಿಯಲ್ಲಿ ಒಂದು ಪ್ರಶ್ನೆಗೂ ಕೈ ಎತ್ತಿದವನಲ್ಲ. ಆ ಕ್ಷಣದಲ್ಲಿ ಗದರಿದ್ದರೆ ಮತ್ತೆ ಕೈ ಎತ್ತುತ್ತಿರಲಿಲ್ಲ. ಭೇಷ್ ಎಂದಿದ್ದರೆ ಮುಂದಿನ ಸೋಮವಾರ ಇನ್ನೂ ನಾಲ್ಕು ಡಬ್ಬಿಗಳು ಬರುತ್ತಿದ್ದವು. "ಮನೆ ತುಂಬ ಚೆನ್ನಾಗಿ ಕಟ್ಟಿದ್ದಿ" ಎಂದೆ. ಅದು ನಿಜವೇ ಆಗಿತ್ತು. "ಆದರೆ ಇದಕ್ಕೆ ಮೊದಲೇ ಒಂದು ಮನೆ ಇತ್ತಲ್ಲ. ಅಲ್ಲಿಗೆ ಬಿಟ್ಟು ಬರುವ. ನಾನೂ ಬರ್ತೇನೆ." ಅವನು ತಲೆ ತಗ್ಗಿಸಿದ. ಸ್ವಲ್ಪ ಹೊತ್ತಿನ ಮೇಲೆ, "ನೀವು ಮಾತ್ರ ಇಟ್ಟುಕೊಳ್ಳಬಹುದಾ ಟೀಚರ್?" ಎಂದು ಕೇಳಿದ.

ಅದಕ್ಕೆ ಆಗ ನನ್ನಲ್ಲಿ ಉತ್ತರ ಇರಲಿಲ್ಲ.

ಡಬ್ಬಿಯನ್ನು ಬಟ್ಟೆ ಮುಚ್ಚಿ ಬೀರುವಿನ ಮೇಲಿಟ್ಟು, ನಮ್ಮ ಮಾರ್ಗದರ್ಶಕ ಶಿಕ್ಷಕರಿಗೆ ನಡೆದದ್ದೆಲ್ಲ ಹೇಳಿದೆ. ಪಾಠದ ಅಂಕ ಹೋಗಬಹುದು ಎಂಬ ಅಳುಕು ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಅವರು ಬೈಯಲಿಲ್ಲ. ಅರಣ್ಯ ಇಲಾಖೆಯಲ್ಲಿರುವ ತಮ್ಮ ಪರಿಚಯದವರೊಬ್ಬರಿಗೆ ಫೋನು ಮಾಡಿದರು. ತಡಮಾಡದೆ ಹಿಡಿದ ಜಾಗದಲ್ಲೇ ಬಿಡಿ ಎಂಬ ಸಲಹೆ ಬಂತು. ಹುಡುಗನ ತಂದೆ ರಿಕ್ಷಾ ಓಡಿಸುವವರು. ಅವರನ್ನು ಕರೆಸಿದರು. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ನಾವು ಮೂವರೂ ಮಧ್ಯಾಹ್ನ ಬಿಜೈ ಕೆಎಸ್‌ಆರ್‌ಟಿಸಿ ನಿಲ್ದಾಣದಿಂದ ಹೊರಟೆವು. ಉಜಿರೆ ದಾಟಿ, ಚಾರ್ಮಾಡಿ ಘಾಟಿಯ ಬುಡದಲ್ಲಿ ಅವರ ಅಜ್ಜಿಯ ಅಡಿಕೆ ತೋಟ. ದಾರಿಯುದ್ದಕ್ಕೂ ಹುಡುಗ ಡಬ್ಬಿಯನ್ನು ತೊಡೆಯ ಮೇಲೆ ಅಲುಗದಂತೆ ಹಿಡಿದಿದ್ದ. ಕಂಪನ ಅದಕ್ಕೆ ಆಗದು ಎಂಬುದು ಅವನಿಗೆ ನೆನಪಿತ್ತು.

ನಾವು ತಲುಪಿದಾಗ ಮಳೆ ಬಿಟ್ಟು ಸಂಜೆ ಬೆಳಕು ಇಳಿಯುತ್ತಿತ್ತು. ಅಜ್ಜಿ ನಮ್ಮನ್ನು ಕೂರಿಸಿ ಕಾಫಿ ಕೊಟ್ಟು, ವಿಷಯ ತಿಳಿದು ಮೊಮ್ಮಗನ ತಲೆಗೊಂದು ಮೊಟಕಿದರು. ತುಳುವಿನಲ್ಲಿ ಅವರು ಹೇಳಿದ್ದು ಇಷ್ಟು: ಅದು ಆ ಮರದ್ದೇ. ಮೂರು ವರ್ಷದಿಂದ ನೋಡುತ್ತಿದ್ದೇನೆ. ಕತ್ತಲಾಗುವಾಗ ಪೊಟರೆಯ ಬಾಯಿಗೆ ಬಂದು ಕೂರುತ್ತದೆ. ನಾವು ಅಲ್ಲಿಗೆ ಕೈ ಹಾಕುವುದಿಲ್ಲ, ಅದು ಮನೆಗೆ ಬರುವುದಿಲ್ಲ.

ಡಬ್ಬಿಯನ್ನು ಉದ್ದದ ಬಿದಿರಿಗೆ ಕಟ್ಟಿ, ಬಾಯಿ ಪೊಟರೆಗೆ ತಾಗುವಂತೆ ಹಿಡಿದೆವು. ಹುಡುಗನ ತಂದೆ ಇನ್ನೊಂದು ಕೋಲಿನಿಂದ ಮುಚ್ಚಳ ಸರಿಸಿದರು. ಒಂದೆರಡು ನಿಮಿಷ ಏನೂ ಆಗಲಿಲ್ಲ. ಆಮೇಲೆ ಅದು ಹೋದದ್ದು ನನಗೆ ಕಾಣಲೇ ಇಲ್ಲ. ಇತ್ತು, ಇಲ್ಲ, ಅಷ್ಟೇ.

ದೂರದಿಂದ ಟಾರ್ಚು ಬಿಟ್ಟು ನಾನು ಆ ಪೊಟರೆಯನ್ನು ನೋಡಿದೆ. ಕೊಂಬೆ ಮುರಿದು ಒಳಗೆ ಕೊಳೆತು ಆದ ಪೊಟರೆ. ಬಾಯಿ ಎರಡು ಬೆರಳಿನಷ್ಟೇ ಅಗಲ, ಮಳೆಗಾಳಿ ಬೀಸುವ ಪಡುವಣಕ್ಕೆ ಬೆನ್ನು ಹಾಕಿ ಇತ್ತು. ಕಾಂಡದ ಒಂದು ಮಗ್ಗುಲು ತೊಯ್ದು ಕಪ್ಪಾಗಿದ್ದರೆ ಈ ಮಗ್ಗುಲು ಒಣಗಿತ್ತು. ಬಾಯಿಯ ಸುತ್ತ ನೂಲಿನ ಹಾಸು. ಬುಡದಲ್ಲಿ ಜೀರುಂಡೆಗಳ ರೆಕ್ಕೆಚಿಪ್ಪು. ತೇವ, ಗಾಳಿ, ಎತ್ತರ, ಕತ್ತಲೆ, ಊಟ ಎಲ್ಲವೂ ಒಂದೇ ಕಡೆ. ನೀರು ಬದಲಿಸುವವರು ಬೇಡ, ಕಿಟಕಿ ಮುಚ್ಚುವವರು ಬೇಡ. ನಾನು ಮೂರು ವರ್ಷದಿಂದ ಒಂದು ಪೆಟ್ಟಿಗೆಯಲ್ಲಿ ಮಾಡಲು ಹೆಣಗುತ್ತಿದ್ದುದರ ಮೂಲಪ್ರತಿ ಇದು ಎನ್ನಿಸಿತು.

ಹಿಂದಿರುಗುವ ಬಸ್ಸಿನಲ್ಲಿ ಹುಡುಗನ ಪ್ರಶ್ನೆಗೆ ಉತ್ತರ ಕೊಟ್ಟೆ. ನನ್ನ ಜೇಡ ಡಬ್ಬಿಯಲ್ಲೇ ಹುಟ್ಟಿದ್ದು. ಅದನ್ನು ಈಗ ಇಲ್ಲಿಯ ಮರಕ್ಕೆ ಬಿಡುವಂತಿಲ್ಲ. ಅದು ಈ ಕಾಡಿನದಲ್ಲ, ಬದುಕಿದರೆ ಇಲ್ಲಿಯ ಜೀವಿಗಳಿಗೆ ತೊಂದರೆ, ಬದುಕದಿದ್ದರೆ ಅದಕ್ಕೆ. ಹೆಣ್ಣಾಗಿದ್ದರೆ ಹತ್ತು ವರ್ಷಕ್ಕೂ ಮೇಲೆ ಬಾಳುತ್ತದೆ, ಅಷ್ಟೂ ದಿನ ನಾನು ನೋಡಿಕೊಳ್ಳಬೇಕು. "ಆದರೆ ಇಂದು ನನ್ನನ್ನು ಯಾರಾದರೂ ಕೇಳಿದರೆ, ಹೊಸತಾಗಿ ಒಂದನ್ನು ತಂದುಕೊಳ್ಳಿ ಎಂದು ಹೇಳಲಾರೆ" ಎಂದೆ. ಅವನಿಗೆ ಅದು ಪೂರ್ತಿ ಸಮಾಧಾನ ಕೊಟ್ಟಿತೆಂದು ಹೇಳಲಾರೆ. ನನಗೂ ಕೊಟ್ಟಿಲ್ಲ.

ಮರುವಾರ ಅದೇ ತರಗತಿಗೆ ಹನ್ನೆರಡನೇ ಪಾಠವನ್ನು ಬದಲಿಸಿ ಮಾಡಿದೆ. ಈ ಸಲ ಸುಳಿವುಗಳನ್ನು ಹೇಳಿದವನು ಆ ಹುಡುಗ. ಹೇಗೆ ಹಿಡಿದೆ ಎಂಬುದನ್ನು ಹೇಳುವುದು ಬೇಡ, ಅದರ ಮನೆ ಹೇಗಿತ್ತು ಎಂಬುದನ್ನು ಮಾತ್ರ ಹೇಳು ಎಂದು ಮೊದಲೇ ಮಾತಾಡಿಕೊಂಡಿದ್ದೆವು. ಅವನು ಕಪ್ಪುಹಲಗೆಯ ಮೇಲೆ ಮರ ಬಿಡಿಸಿ, ಮಳೆ ಯಾವ ಕಡೆಯಿಂದ ಬರುತ್ತದೆ ಎಂದು ಬಾಣ ಹಾಕಿ ತೋರಿಸಿದ. ಆಮೇಲೆ ನಾನು ಗುತ್ತಿಯ ಜೇಡದ ಕತೆ ಹೇಳಿದೆ. ಬಳ್ಳಾರಿಯಿಂದ ಪೂರ್ವಕ್ಕೆ, ಆಂಧ್ರದ ಗುತ್ತಿ ರೈಲು ಜಂಕ್ಷನ್ ಬಳಿ ಸಿಕ್ಕ ಒಂದೇ ಒಂದು ಜೇಡವನ್ನು ನೋಡಿ 1899ರಲ್ಲಿ ಪೊಕಾಕ್ ಎಂಬ ವಿಜ್ಞಾನಿ ಪೊಸಿಲೊಥೀರಿಯಾ ಮೆಟಾಲಿಕಾ ಎಂಬ ನೀಲಿ ಜಾತಿಯನ್ನು ವಿವರಿಸಿದರು. ಆಮೇಲೆ ನೂರು ವರ್ಷ ಅದು ಯಾರಿಗೂ ಸಿಗಲಿಲ್ಲ. 2001ರಲ್ಲಿ ಮತ್ತೆ ಕಂಡದ್ದು ಗುತ್ತಿಯಲ್ಲಲ್ಲ, ಸುಮಾರು ನೂರು ಕಿಲೋಮೀಟರ್ ದೂರದ ನಂದ್ಯಾಲ–ಗಿದ್ದಲೂರು ನಡುವಿನ ಕಾಡಿನಲ್ಲಿ. ಮರದ ದಿಮ್ಮಿಗಳ ಜೊತೆ ಅದು ರೈಲಿನಲ್ಲಿ ಗುತ್ತಿಗೆ ಬಂದಿರಬೇಕು ಎಂದು ಭಾವಿಸಲಾಗಿದೆ. ಸಿಕ್ಕಿದ ಜಾಗವೇ ಮನೆಯಲ್ಲ. ಅದರ ಮನೆಯಾದ ಆ ತುಂಡು ಕಾಡು ಇಂದು ಎಷ್ಟು ಚಿಕ್ಕದೆಂದರೆ, ಆ ಜಾತಿ ತೀವ್ರ ಅಪಾಯದ ಪಟ್ಟಿಯಲ್ಲಿದೆ.

ಕಾನೂನಿನ ಮಾತು ಕೊನೆಯಲ್ಲಿ ಬಂತು. ಸಾಕುವವರ ಮಾರುಕಟ್ಟೆಗಾಗಿ ಹಿಡಿದು ಸಾಗಿಸುವುದು ಹೆಚ್ಚಿದ್ದರಿಂದ 2019ರಲ್ಲಿ ಪೊಸಿಲೊಥೀರಿಯಾ ಕುಲವನ್ನು ಪೂರ್ತಿಯಾಗಿ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಲಾಯಿತು. 2022ರ ತಿದ್ದುಪಡಿಯ ನಂತರ ಸೈಟಿಸ್ ಪಟ್ಟಿಯ ಪ್ರಾಣಿಗಳು ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೂ ಬಂದಿವೆ. ಇದನ್ನು ಮೊದಲೇ ಹೇಳಿದ್ದರೆ ಮಕ್ಕಳು ಹೆದರಿ ಬರೆದುಕೊಳ್ಳುತ್ತಿದ್ದರು. ಮರದ ಚಿತ್ರ ನೋಡಿದ ಮೇಲೆ ಹೇಳಿದ್ದರಿಂದ ಕೇಳಿಸಿಕೊಂಡರು. ಮುಟ್ಟಬಾರದು, ದೂರದಿಂದ ನೋಡಬಹುದು, ನೋಡಿದ್ದನ್ನು ಬರೆಯಬಹುದು ಎಂಬ ಮೂರು ಮಾತನ್ನು ತರಗತಿಯೇ ಸೇರಿ ಹಲಗೆಯ ಮೂಲೆಯಲ್ಲಿ ಬರೆಯಿತು. ಈ ಪಾಠಕ್ಕೆ ವೀಕ್ಷಣೆಗೆ ಯಾರೂ ಬಂದಿರಲಿಲ್ಲ.

ಹನ್ನೊಂದನೇ ಪಾಠದ ಉದ್ದೇಶಗಳು ನೂರಕ್ಕೆ ನೂರು ಈಡೇರಿದ್ದವು. ಆ ಹುಡುಗನ ಡಬ್ಬಿಯೇ ಅದಕ್ಕೆ ಸಾಕ್ಷಿ. ಮನೆ ಹೇಗೆ ಕಟ್ಟಬೇಕು ಎಂದು ಕಲಿಸಿದ್ದೆ. ಕಟ್ಟಬೇಕೇ ಎಂಬ ಪ್ರಶ್ನೆಯನ್ನು ಕೇಳಲು ಬಿಟ್ಟಿದ್ದೆ. ಚಳಿ ದೇಶದ ಸೂಚನೆಯನ್ನು ಬಿಜೈಗೆ ತಂದು ಜೇಡವನ್ನು ಹೇಗೆ ಕಷ್ಟಕ್ಕೆ ಹಾಕಿದೆನೋ, ಹಾಗೆಯೇ ನನ್ನ ಕೋಣೆಯ ಪಾಠವನ್ನು ಘಾಟಿಯ ಬುಡದಲ್ಲಿ ಅಜ್ಜಿ ಮನೆ ಇರುವ ಮಕ್ಕಳ ತರಗತಿಗೆ ಹಾಗೆಯೇ ತಂದು ಹಾಕಿದ್ದೆ. ನಮ್ಮ ತರಗತಿಗಳಲ್ಲಿ ಅಂಥ ಮಕ್ಕಳು ಎಷ್ಟು ಮಂದಿ ಎಂದು ಪಾಠಕ್ಕೆ ಮೊದಲು ಒಮ್ಮೆ ಕೇಳಿದ್ದರೆ ಸಾಕಿತ್ತು. ಆಮೇಲೆ ಕೇಳಿದಾಗ ನಲವತ್ತೆಂಟರಲ್ಲಿ ಹತ್ತೊಂಬತ್ತು ಕೈ ಎದ್ದವು.

ಈಗ ನನ್ನ ಪಾಠಯೋಜನೆಯ ಕೊನೆಯಲ್ಲಿ, ಮೌಲ್ಯಮಾಪನದ ಕೆಳಗೆ, ಪೆನ್ಸಿಲಿನಿಂದ ಒಂದು ಅಂಕಣ ಎಳೆದುಕೊಳ್ಳುತ್ತೇನೆ: "ಈ ಪಾಠ ಕೇಳಿದ ಮಗು ಶನಿವಾರ, ಭಾನುವಾರ ಏನು ಮಾಡಬಹುದು?" ಅದು ನಮೂನೆಯಲ್ಲಿ ಇಲ್ಲ, ಅದಕ್ಕೆ ಅಂಕವೂ ಇಲ್ಲ. ಆಮ್ಲ–ಪ್ರತ್ಯಾಮ್ಲದ ಪಾಠಕ್ಕೆ ಹೀಗೆ ಬರೆಯುವಾಗ ಬಚ್ಚಲುಮನೆಯ ಆಸಿಡ್ ಬಾಟಲಿ ನೆನಪಾಯಿತು. ವಿದ್ಯುತ್ತಿನ ಪಾಠಕ್ಕೆ ಮನೆಯ ಪ್ಲಗ್ಗು ನೆನಪಾಯಿತು. ಎರಡು ಯೋಜನೆಗಳನ್ನೂ ತಿದ್ದಿದೆ.

ಇಂಟರ್ನ್‌ಶಿಪ್ ಮುಗಿದ ದಿನ ಆ ಹುಡುಗ ಒಂದು ನೋಟ್‌ಪುಸ್ತಕ ತೋರಿಸಿದ. ಅಜ್ಜಿ ಮನೆಗೆ ಹೋದಾಗಲೆಲ್ಲ ಪೊಟರೆಯ ಎದುರು ಹತ್ತು ಅಡಿ ದೂರದಲ್ಲಿ ಕೂತು ಬರೆದದ್ದು. ಮೂರು ದಿನಾಂಕಗಳಿದ್ದವು. "6-50ಕ್ಕೆ ಎರಡು ಕಾಲು ಹೊರಗೆ. 7-10ಕ್ಕೆ ಪೂರ್ತಿ ಹೊರಗೆ. ಮಳೆ ಬಂತು, ಒಳಗೆ ಹೋಯಿತು." ಎರಡನೇ ದಿನಾಂಕದ ಕೆಳಗೆ "ಕಾಣಲಿಲ್ಲ" ಎಂದಷ್ಟೇ ಇತ್ತು. ಕಾಣದಿದ್ದ ದಿನವನ್ನೂ ಬರೆದಿಟ್ಟದ್ದಕ್ಕೆ ನಾನು ಅದರ ಪಕ್ಕದಲ್ಲಿ ಸರಿ ಗುರುತು ಹಾಕಿ ಸಹಿ ಮಾಡಿದೆ.